ನಿಧಾನವೇ ಪ್ರಧಾನ

ಕಂಪ್ಯೂಟರ್ ಲೋಕದಲ್ಲಿ ಎಲ್ಲರೂ ವೇಗದ ಬೆನ್ನು ಹತ್ತಿದವರೇ. ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಾಜಿಯೇರ್ 1999ರಲ್ಲಿ ಮಂಡಿಸಿದ ಬಿಕ್ರಿಪ್ಟ್ ವಿಧಾನ ಮಾತ್ರ ಬೇಕೆಂದೇ ನಿಧಾನ. ಪಾಸ್‌ವರ್ಡ್ ಕಾಯುವ ಈ ಕುಸುರಿ ಕೆಲಸಕ್ಕೆ ನಾನು ಮನಸೋತಿದ್ದೇನೆ.

ಡೇಟಾಬೇಸಿನಲ್ಲಿ ಅದು ಉಳಿಸುವುದು 60 ಅಕ್ಷರಗಳ ಒಂದೇ ಸಾಲು: ಮೊದಲು ಆವೃತ್ತಿಯ ಗುರುತು, ಆಮೇಲೆ ಲೆಕ್ಕ ಎಷ್ಟು ಭಾರವಿರಬೇಕೆಂದು ಹೇಳುವ ಶ್ರಮದ ಅಂಕಿ, ಪ್ರತಿ ಪಾಸ್‌ವರ್ಡಿಗೂ ಹೊಸದಾಗಿ ಬೆರೆಸುವ 22 ಅಕ್ಷರಗಳ ಯಾದೃಚ್ಛಿಕ ಸಾಲ್ಟ್, ಕೊನೆಗೆ ಪಾಸ್‌ವರ್ಡ್ ಮತ್ತು ಸಾಲ್ಟ್ ಸೇರಿಸಿ ಲೆಕ್ಕ ಹಾಕಿದ 31 ಅಕ್ಷರಗಳ ಹ್ಯಾಶ್. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಸಾಲ್ಟ್ ಬೇರೆಯಾದ್ದರಿಂದ ಹ್ಯಾಶ್ ಬೇರೆ. ಶ್ರಮದ ಅಂಕಿ 10 ಇದ್ದದ್ದನ್ನು 11 ಮಾಡಿದರೆ ಕೆಲಸ ಇಮ್ಮಡಿ. ಲಾಗಿನ್ ಆಗುವವರಿಗೆ ಆ ತಡ ಗೊತ್ತೇ ಆಗದು. ಕದ್ದ ಹ್ಯಾಶ್‌ಗಳ ಪಟ್ಟಿ ಹಿಡಿದು ನೂರಾರು ಕೋಟಿ ಊಹೆ ಮಾಡಿ ನೋಡುವವನಿಗೆ ಆ ಕ್ಷಣಗಳೆಲ್ಲ ಕೂಡಿ ವರ್ಷಗಳಾಗುತ್ತವೆ. ಯಂತ್ರಗಳು ಚುರುಕಾದಂತೆ ತಾನೂ ಬಿಗಿಯಾಗುವ ಬೀಗವನ್ನು ಅಂದೇ ಕಲ್ಪಿಸಿದ ಆ ದೂರದೃಷ್ಟಿ ದೊಡ್ಡದು.