ಉಳಿಗೊಂದು ಗಟ್ಟಿ ಆಸರೆ

ಮನೆಯಲ್ಲಿ ಮರ ಕಡೆಯುವ ಲೇತ್ ಇಟ್ಟುಕೊಂಡವರ ಗಮನ ಸಾಮಾನ್ಯವಾಗಿ ಮೋಟಾರಿನ ಶಕ್ತಿ, ಉಳಿಯ ಉಕ್ಕು ಮತ್ತು ಮರವನ್ನು ಕಚ್ಚಿ ಹಿಡಿಯುವ ಚಕ್‌ಗಳ ಕಡೆಗೆ ಹೋಗುತ್ತದೆಯೇ ಹೊರತು, ಉಳಿಯನ್ನು ಹೊತ್ತು ನಿಲ್ಲುವ ಟೂಲ್‌ರೆಸ್ಟ್‌ನ ಕಡೆಗೆ ಹೋಗುವುದು ಅಪರೂಪ. ಲೋಹದ ಲೇತಿನಲ್ಲಿ ಕತ್ತರಿಸುವ ಉಪಕರಣವನ್ನು ಟೂಲ್‌ಪೋಸ್ಟ್‌ನಲ್ಲಿ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಮರದ ಲೇತಿನಲ್ಲಿ ಕೈಗಳೇ ಉಳಿಯನ್ನು ಹಿಡಿಯುವುದರಿಂದ, ತಿರುಗುವ ಮರದ ಹೊಡೆತವನ್ನು ತಾಳಿಕೊಳ್ಳಬೇಕಾದದ್ದು ಟೂಲ್‌ರೆಸ್ಟ್ ಎಂಬ ಈ ಅಡ್ಡಪಟ್ಟಿ. ಲೇತಿನೊಂದಿಗೆ ಬಂದ ರೆಸ್ಟ್ ತೆಳುವಾದ ಎರಕದ್ದಾಗಿದ್ದರೆ, ಹೊಸ ಉಳಿಗೆ ಹಣ ಹಾಕುವ ಮೊದಲು ಅದನ್ನು ಬದಲಿಸುವುದೇ ಸರಿಯಾದ ಕ್ರಮ.

ಇದಕ್ಕೆ ಕಾರಣ ಸನ್ನೆಯ ಲೆಕ್ಕದಲ್ಲಿದೆ. ಉಳಿಯ ಅಲಗು ರೆಸ್ಟ್‌ನಿಂದ 10 ಮಿ.ಮೀ. ಮುಂದಿದ್ದು, ಹಿಡಿಯ ಮೇಲಿನ ಕೈ 300 ಮಿ.ಮೀ. ಹಿಂದಿದ್ದರೆ, ಅಲಗಿನ ಮೇಲೆ ಬೀಳುವ ಬಲದ ಮೂವತ್ತರಲ್ಲಿ ಒಂದು ಪಾಲನ್ನಷ್ಟೇ ಕೈ ತಡೆಯಬೇಕಾಗುತ್ತದೆ; ಅಲಗು 50 ಮಿ.ಮೀ. ಮುಂದೆ ಚಾಚಿದರೆ ಆ ಪಾಲು ಆರರಲ್ಲಿ ಒಂದಕ್ಕೆ, ಅಂದರೆ ಐದು ಪಟ್ಟಿಗೆ ಏರುತ್ತದೆ. ಉಳಿ ಅದುರುವುದಕ್ಕೂ, ಮರಕ್ಕೆ ಸಿಕ್ಕಿಕೊಂಡು ಕೈಯಿಂದ ಜಗ್ಗಿಹೋಗುವುದಕ್ಕೂ ಈ ಅಂತರವೇ ಬಹುಪಾಲು ಮೂಲ. ಆದ್ದರಿಂದ ಮರ ಕರಗುತ್ತ ಹೋದಂತೆ ಲೇತ್ ನಿಲ್ಲಿಸಿ, ರೆಸ್ಟನ್ನು ಮತ್ತೆ ಹತ್ತಿರಕ್ಕೆ ಸರಿಸಿ, ಮರವನ್ನು ಒಮ್ಮೆ ಕೈಯಿಂದ ತಿರುಗಿಸಿ ನೋಡಿದ ಮೇಲೆಯೇ ಮುಂದುವರಿಯಬೇಕು.

ಕೊಳ್ಳುವಾಗ ಮೊದಲು ಅಳೆಯಬೇಕಾದದ್ದು ರೆಸ್ಟ್‌ನ ಕಾಲು. ಲೇತಿನ ಬೆಡ್ ಮೇಲೆ ಸರಿದಾಡುವ, ರೆಸ್ಟ್‌ನ ಕಾಲನ್ನು ತನ್ನ ರಂಧ್ರದಲ್ಲಿ ಹಿಡಿಯುವ ಭಾಗಕ್ಕೆ ಬ್ಯಾಂಜೊ ಎನ್ನುತ್ತಾರೆ. ಸಣ್ಣ ಲೇತುಗಳ ಬ್ಯಾಂಜೊ ಹೆಚ್ಚಾಗಿ 5/8 ಇಂಚಿನ ಕಾಲನ್ನೂ ದೊಡ್ಡವು 1 ಇಂಚಿನ ಕಾಲನ್ನೂ ಬಯಸುತ್ತವೆ. 1 ಇಂಚು ಎಂದರೆ 25.4 ಮಿ.ಮೀ. ಆದ್ದರಿಂದ ಆ ಕಾಲು 25 ಮಿ.ಮೀ. ರಂಧ್ರಕ್ಕೆ ಇಳಿಯುವುದಿಲ್ಲ; ಇಂಥ ಕೂದಲೆಳೆಯ ವ್ಯತ್ಯಾಸವನ್ನು ಕಣ್ಣಳತೆಗೆ ಬಿಡದೆ ವರ್ನಿಯರ್ ಕ್ಯಾಲಿಪರ್‌ನಿಂದಲೇ ನೋಡಬೇಕು. ಎತ್ತರವೂ ಅಷ್ಟೇ ಮುಖ್ಯ. ಉಳಿಯ ದಪ್ಪವನ್ನು ಲೆಕ್ಕಕ್ಕೆ ಹಿಡಿದು, ರೆಸ್ಟ್‌ನ ಮೇಲಂಚು ಸ್ಪಿಂಡಲ್‌ನ ಮಧ್ಯರೇಖೆಗಿಂತ ತುಸು ಕೆಳಕ್ಕೆ ಇಳಿಯುವಂತಿರಬೇಕು. ಹಾಗೆಂದು ಕಾಲು ತೀರಾ ಗಿಡ್ಡವಾದರೆ, ರೆಸ್ಟನ್ನು ಎತ್ತಿದಾಗ ಬ್ಯಾಂಜೊದೊಳಗೆ ಉಳಿಯುವ ಭಾಗ ಕಡಿಮೆಯಾಗಿ ಹಿಡಿತ ಸಡಿಲಾಗುತ್ತದೆ.

ಮೇಲಂಚಿನ ಗುಣವನ್ನು ಬೆರಳಿನಿಂದ ಸವರಿ ತಿಳಿಯಬಹುದು. ಎರಕದ ಕಬ್ಬಿಣ ಉಳಿಯ ಉಕ್ಕಿಗಿಂತ ಮೆದುವಾದ್ದರಿಂದ, ಉಳಿಯ ಚೂಪಾದ ಮೂಲೆಗಳು ಅದರಲ್ಲಿ ಸಣ್ಣ ಕಚ್ಚುಗಳನ್ನು ಮೂಡಿಸುತ್ತವೆ. ಸರಾಗವಾಗಿ ಜಾರಬೇಕಾದ ಉಳಿ ಆ ಕಚ್ಚಿನಲ್ಲಿ ತಡೆದು ಮುಂದಕ್ಕೆ ಜಿಗಿದಾಗ, ಅದೇ ಏರಿಳಿತ ಮರದ ಮೈಮೇಲೆ ಅಚ್ಚಾಗುತ್ತದೆ. ಮೇಲಂಚಿಗೆ ಗಡಸುಗೊಳಿಸಿದ ಉಕ್ಕಿನ ದುಂಡುಸರಳನ್ನು ಕೂರಿಸಿದ ರೆಸ್ಟ್‌ಗಳು ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸುತ್ತವೆ, ಮತ್ತು ಬೆಲೆ ಹೆಚ್ಚಾದರೂ ಅವುಗಳಿಗೆ ಕೊಟ್ಟ ಹಣ ದಂಡವಲ್ಲ. ಹಳೆಯದನ್ನೇ ಬಳಸುವವರು ಆಗಾಗ ಚಪ್ಪಟೆ ಅರದಿಂದ ಅಂಚನ್ನು ಉಜ್ಜಿ, ತುಸು ಮೇಣ ಸವರಿದರೆ ಸಾಕು.

ಉದ್ದದ ವಿಷಯದಲ್ಲಿ ದುರಾಸೆ ಒಳ್ಳೆಯದಲ್ಲ. ಒಂದೇ ಕಾಲಿನ 12 ಇಂಚಿನ ರೆಸ್ಟ್‌ನ ತುದಿಗಳು ಒತ್ತಡಕ್ಕೆ ಬಾಗಿ ಅದುರುತ್ತವೆ. 6 ಇಂಚಿನದು ಮನೆಯ ಬಹುತೇಕ ಕೆಲಸಕ್ಕೆ ಸಾಲುತ್ತದೆ. ಬಟ್ಟಲಿನ ಒಳಗನ್ನು ಕಡೆಯುವವರಿಗೆ ಮಾತ್ರ, ಅಲಗಿನ ಹತ್ತಿರಕ್ಕೆ ಆಸರೆಯನ್ನು ಒಯ್ಯುವ ಬಾಗಿದ ರೆಸ್ಟ್ ಬೇಕೇ ಬೇಕು.

ಕಡೆದ ವಸ್ತುವಿಗೆ ನಯ ಕೊಡುವ ಹಂತದಲ್ಲಿ ಈ ಆಸರೆಯೇ ಅಪಾಯವಾಗುತ್ತದೆ. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಆಟಿಕೆಗೆ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಬಿಸಿಗೆ ಕರಗಿ ಹತ್ತಿದ ಬಣ್ಣವನ್ನು ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಮನೆಯಲ್ಲಿ ಆ ಕೆಲಸವನ್ನು ಅರಗಿನಿಂದ ಮಾಡಲಿ, ಉಪ್ಪುಕಾಗದದಿಂದ ಮಾಡಲಿ, ಮರಕ್ಕೂ ರೆಸ್ಟ್‌ಗೂ ನಡುವೆ ಬೆರಳು ಸಿಕ್ಕಿಕೊಳ್ಳದಂತೆ ಲೇತನ್ನು ಚಾಲೂ ಮಾಡುವ ಮೊದಲೇ ರೆಸ್ಟನ್ನು ಪೂರ್ತಿಯಾಗಿ ತೆಗೆದಿಡಬೇಕು.