ಒಳಬಂದ ಮೇಲೆ ಓದುವವರು ಯಾರು?

ನಾನು ಬರೆಯುವುದು ಈಮ್ಯಾಕ್ಸ್ ಎಂಬ ಎಡಿಟರಿನಲ್ಲಿ. ಅದಕ್ಕೆ ಬೇಕಾದ ಹೆಚ್ಚುವರಿ ಸೌಲಭ್ಯಗಳನ್ನು, ಅಂದರೆ ಪ್ಯಾಕೇಜುಗಳನ್ನು, ಬಹುಮಟ್ಟಿಗೆ ಮೆಲ್ಪಾ ಎಂಬ ಭಂಡಾರದಿಂದ ಇಳಿಸಿಕೊಳ್ಳುತ್ತೇನೆ. ಸಾವಿರಾರು ಪ್ಯಾಕೇಜುಗಳಿರುವ ಈ ಭಂಡಾರವನ್ನು ಇತ್ತೀಚೆಗೆ ಒಂದು ಸಂಕಲನದಂತೆ ಓದತೊಡಗಿದೆ. ಸಂಕಲನವೆಂದ ಮೇಲೆ ಸಂಪಾದಕರು ಎಲ್ಲಿದ್ದಾರೆ ಎಂದು ಕೇಳಬೇಕಲ್ಲ.

ಮೆಲ್ಪಾ ಕಾಪಾಡಿಕೊಂಡು ಬರುವುದು ಲೇಖಕರ ಕೋಡನ್ನಲ್ಲ, ‘ರೆಸಿಪಿ’ ಎಂಬ ಪುಟ್ಟ ಪಠ್ಯಗಳನ್ನು. ಪ್ಯಾಕೇಜಿನ ಹೆಸರು, ಅದರ ಮೂಲ ಎಲ್ಲಿದೆ, ಯಾವ ಫೈಲುಗಳು ಬೇಕು ಎನ್ನುವಷ್ಟೇ ಅದರಲ್ಲಿರುತ್ತದೆ. ಎರಡು ಮೂರು ಸಾಲಿಗೆ ಮುಗಿಯುವುದೂ ಉಂಟು. ಮಿಕ್ಕಿದ್ದು ಯಂತ್ರದ ಕೆಲಸ. ಅದು ಮತ್ತೆ ಮತ್ತೆ ಮೂಲಕ್ಕೆ ಹೋಗಿ, ಬದಲಾವಣೆ ಕಂಡರೆ ತಂದು, ಕಟ್ಟಿ, ಹಂಚುತ್ತದೆ. ಹಿಂದಿನ ಮಾರ್ಮಲೇಡ್ ಭಂಡಾರದಲ್ಲಿ ಲೇಖಕರೇ ಪ್ರತಿ ಆವೃತ್ತಿಯನ್ನೂ ಅಪ್‌ಲೋಡ್ ಮಾಡಬೇಕಿತ್ತು. ಆ ತಾಪತ್ರಯ ಇಲ್ಲಿಲ್ಲ.

ಹೊಸ ರೆಸಿಪಿ ಬಂದಾಗ ನಡೆಯುವ ಪರಿಶೀಲನೆಯನ್ನು ನಾನು ಅಕ್ಕರೆಯಿಂದ ಓದುತ್ತೇನೆ. ಈ ಹೆಸರು ಯಾಕೆ? ಇಂಥದೇ ಇನ್ನೊಂದು ಈಗಾಗಲೇ ಇದೆಯಲ್ಲ, ನಿಮ್ಮದರಲ್ಲಿ ಬೇರೆ ಏನಿದೆ? ವಿವರಣೆಯ ವಾಕ್ಯ ಯಾಕೆ ಅಸ್ಪಷ್ಟ? ಸಂಬಳವಿಲ್ಲದೆ, ಅಪರಿಚಿತರ ಕೋಡಿನ ಮುಂದೆ ಇಷ್ಟು ತಾಳ್ಮೆಯಿಂದ ಕೂರುವುದು ಸಣ್ಣ ಮಾತಲ್ಲ. (ನಮ್ಮ ಎಷ್ಟು ಕವನ ಸಂಕಲನಗಳಿಗೆ ಈ ಭಾಗ್ಯ ಸಿಕ್ಕಿದೆ?)

ನನ್ನ ತಕರಾರು ಆಮೇಲಿನದ್ದು. ಈ ಓದು ಬಾಗಿಲಲ್ಲೇ ಮುಗಿಯುತ್ತದೆ. ಒಮ್ಮೆ ಒಳಬಂದ ಲೇಖಕರು ನಾಳೆ ಮೂಲದಲ್ಲಿ ಏನು ತಿದ್ದಿದರೂ ಅದು ನೇರ ನನ್ನ ಗಣಕಕ್ಕೆ ಬರುತ್ತದೆ. ಅಚ್ಚಾದ ಕತೆಯನ್ನು ಕತೆಗಾರ ಪ್ರತಿ ರಾತ್ರಿ ಬದಲಿಸಿದರೆ, ಅದನ್ನು ಸಂಪಾದಕರು ಒಪ್ಪಿದ ಕತೆ ಎನ್ನಲಾದೀತೇ? ಆವೃತ್ತಿಯ ಸಂಖ್ಯೆಯೂ ಬರೀ ದಿನಾಂಕ ಮತ್ತು ವೇಳೆ. ಯಾವಾಗ ಬದಲಾಯಿತು ಎಂದು ತಿಳಿಯುತ್ತದೆ. ಸಿದ್ಧವಾಯಿತೇ ಎಂದು ತಿಳಿಯುವುದಿಲ್ಲ. ಲೇಖಕರು ಗುರುತು ಹಾಕಿದ ಆವೃತ್ತಿಗಳಿಗೆಂದೇ ‘ಮೆಲ್ಪಾ ಸ್ಟೇಬಲ್’ ಇದೆ. ಆದರೆ ಗುರುತೇ ಹಾಕದವರ ಪ್ಯಾಕೇಜು ಅಲ್ಲಿ ಸಿಗುವುದಿಲ್ಲ.

ಅಪಾಯದ ಅರಿವು ಅವರಿಗಿಲ್ಲ ಎನ್ನಲಾರೆ. ಯಾರು ಬೇಕಾದರೂ ತಿದ್ದಬಹುದಾದ ಈಮ್ಯಾಕ್ಸ್ ವಿಕಿಯಿಂದ ಪ್ಯಾಕೇಜು ಕಟ್ಟುವುದನ್ನು ಮೆಲ್ಪಾ ಕೈಬಿಟ್ಟಿತು. ಈಮ್ಯಾಕ್ಸಿನದೇ ಭಂಡಾರವಾದ ಗ್ನೂ ಎಲ್ಪಾದಲ್ಲಿ ಲೇಖಕರು ಫೈಲಿನ ತಲೆಬರಹದ ಆವೃತ್ತಿ ಸಂಖ್ಯೆಯನ್ನು ತಾವೇ ಬದಲಿಸಿದಾಗ ಮಾತ್ರ ಹೊಸ ಬಿಡುಗಡೆ ಆಗುತ್ತದೆ. ಆ ಒಂದು ಅಂಕಿಯಲ್ಲಿ ‘ಇದು ನನ್ನ ಮಾತು’ ಎನ್ನುವ ಸಹಿಯ ತೂಕವಿದೆ. ಆದರೆ ಅಲ್ಲಿ ಸೇರಲು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿಗೆ ಹಕ್ಕುಸ್ವಾಮ್ಯ ಬರೆದುಕೊಡಬೇಕು. ಎಲ್ಲರೂ ಅದಕ್ಕೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಇಷ್ಟೆಲ್ಲ ಯೋಚಿಸಿ, ಕಳೆದ ವಾರ ಅಪ್‌ಡೇಟ್ ಮಾಡುವ ಮುನ್ನ ಏನೇನು ಬದಲಾಗಿದೆ ಎಂದು ನಾನೇ ಓದಲು ಕೂತೆ. ಏಳು ಪ್ಯಾಕೇಜುಗಳಿದ್ದವು. ಎರಡನ್ನು ಓದುವಷ್ಟರಲ್ಲಿ ಕಣ್ಣು ಸೋತಿತು. ಉಳಿದ ಐದಕ್ಕೆ ಹಾಗೆಯೇ ‘ಹೂಂ’ ಎಂದು ಒತ್ತಿಬಿಟ್ಟೆ.