ಸಾವನದುರ್ಗವೂ ಪಾಳೆಯಗಾರರ ಕಾದಂಬರಿಗಳೂ

ಮಾಗಡಿಗೆ ಸಮೀಪವಾದ ಸಾವನದುರ್ಗಕ್ಕೆ ಎರಡು ಶಿಖರಗಳುಂಟು. ಒಂದು ಕರಿಗುಡ್ಡ, ಇನ್ನೊಂದು ಬಿಳಿಗುಡ್ಡ. ಕಥೆಗಾರನು ಕಲ್ಪಿಸಿಕೊಳ್ಳಬೇಕಾದ ರಂಗಸ್ಥಳವನ್ನು ಇಲ್ಲಿ ಪ್ರಕೃತಿಯೇ ಕಟ್ಟಿಕೊಟ್ಟಿದೆ. ಆದರೂ ಚಿತ್ರದುರ್ಗಕ್ಕೂ ಬಿದನೂರಿಗೂ ದೊರೆತಂತಹ ಹೆಸರಾಂತ ಕಾದಂಬರಿಯು ಈ ದುರ್ಗಕ್ಕೆ ದೊರೆತಿಲ್ಲ. ಈ ಕೊರತೆಗೆ ಕಾರಣವನ್ನು ವಿಚಾರಿಸಿದರೆ, ನಮ್ಮ ಪಾಳೆಯಗಾರರ ಕಾದಂಬರಿಗಳ ಗುಣದೋಷಗಳೆರಡೂ ತಿಳಿದುಬರುತ್ತವೆ.

1565ರಲ್ಲಿ ರಕ್ಕಸತಂಗಡಿಯ ಯುದ್ಧದಿಂದ ವಿಜಯನಗರದ ಬಲವು ಮುರಿಯಿತು. ಒಂದು ಛತ್ರದ ನೆರಳಿನಲ್ಲಿದ್ದ ನಾಯಕರೂ ಗೌಡರೂ ತಮ್ಮ ತಮ್ಮ ಬೆಟ್ಟಗಳನ್ನೇರಿ ತಾವೇ ಛತ್ರ ಹಿಡಿಸಿಕೊಂಡರು. ಚಕ್ರವರ್ತಿಯ ಅಪ್ಪಣೆಯಿಲ್ಲದೆ ನಾಣ್ಯ ಹಾಕಿಸಿದುದಕ್ಕಾಗಿ ಹಿರಿಯ ಕೆಂಪೇಗೌಡನು ಸೆರೆವಾಸವನ್ನು ಅನುಭವಿಸಿದನೆಂದು ಐತಿಹ್ಯವಿದೆ. ಅಪ್ಪಣೆ ಕೊಡುವವನೂ ಶಿಕ್ಷಿಸುವವನೂ ಇಲ್ಲವಾದ ಮೇಲೆ ಏನಾಯಿತೆಂಬುದೇ ಮುಂದಿನ ಎರಡು ಶತಮಾನಗಳ ಕಥೆ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನಿಗೆ ಬೆಂಗಳೂರನ್ನು ಬಿಟ್ಟುಕೊಟ್ಟು ಕೆಂಪೇಗೌಡನ ವಂಶವು ಮಾಗಡಿಯನ್ನು ಆಶ್ರಯಿಸಿತು. 1728ರಲ್ಲಿ ಮೈಸೂರಿನ ಸೈನ್ಯವು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿಯಿತು. ವಂಶದ ಕೊನೆಯ ದೊರೆ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದನು.

ಇಂತಹ ವಸ್ತುವನ್ನು ಕೈಗೆತ್ತಿಕೊಂಡವರಲ್ಲಿ ತ. ರಾ. ಸುಬ್ಬರಾಯರು ಅಗ್ರಗಣ್ಯರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಮೂರು ಕಾದಂಬರಿಗಳಲ್ಲಿ ಸಿಂಹಾಸನವೇರದೆಯೇ ರಾಜ್ಯವನ್ನಾಳಬಯಸಿದ ದಳವಾಯಿಯ ಅಧಿಕಾರದಾಹವು ಚಿತ್ರಿತವಾಗಿದೆ. ಬಿಟ್ಟ ಬಾಣವು ಬಿಟ್ಟವನಿಗೇ ತಿರುಗುತ್ತದೆಂಬ ತತ್ತ್ವವು ಮೂರನೆಯದರ ಹೆಸರಿನಲ್ಲಿಯೇ ಅಡಗಿದೆ. ಇಲ್ಲಿ ಶತ್ರುವು ಕೋಟೆಯ ಹೊರಗಿಲ್ಲ, ಅರಮನೆಯ ಒಳಗಿದ್ದಾನೆ. ಈ ನಿಷ್ಠುರತೆ ಶ್ಲಾಘ್ಯವಾದುದು. 1982ರ ‘ದುರ್ಗಾಸ್ತಮಾನ’ದಲ್ಲಿ ಮದಕರಿನಾಯಕನ ಮೇಲಣ ವಾತ್ಸಲ್ಯವು ಈ ನಿಷ್ಠುರತೆಯನ್ನು ಕೊಂಚ ಮೃದುಮಾಡಿದೆ. ವೀರನಿಗಾಗಿ ಕಣ್ಣೀರಿಡುವ ವಾಚಕನು ಅವನ ತಪ್ಪನ್ನು ಎಣಿಸಲು ಮರೆಯುತ್ತಾನೆ. ಮಾಸ್ತಿಯವರ ‘ಚೆನ್ನಬಸವನಾಯಕ’ದ ಮಾರ್ಗವೇ ಬೇರೆ. ಬಿದನೂರಿನ ಕೇಡು ಅಲ್ಲಿ ಕತ್ತಿಯ ಝಣತ್ಕಾರದಿಂದ ಮೊದಲಾಗುವುದಿಲ್ಲ. ಒಂದು ಮನೆಯಲ್ಲಿ ತಾಯಿಗೂ ಮಗನಿಗೂ ನಡುವೆ ನಂಬಿಕೆ ಹೋದಾಗ ಮೊದಲಾಗುತ್ತದೆ. ಧ್ವನಿಯು ಮೆಲ್ಲನೆಯದು, ಪರಿಣಾಮವು ಅದರಿಂದಲೇ ಆಳವಾದುದು.

ಆದರೆ ಈ ಕೃತಿಗಳನ್ನು ಒಂದೊಂದಾಗಿ ಓದುವವನಿಗೆ ಕಾಣದ ಸತ್ಯವೊಂದು, ಒಟ್ಟಿಗೆ ಓದುವವನಿಗೆ ಕಾಣುತ್ತದೆ. 1763ರಲ್ಲಿ ಹೈದರನು ಬಿದನೂರಿನ ಮೇಲೆ ಹೊರಟಾಗ, ತಾನೇ ಚೆನ್ನಬಸವನೆಂದು ಹೇಳಿಕೊಂಡವನನ್ನು ಅವನ ಬಳಿಗೆ ತಂದವನು ಚಿತ್ರದುರ್ಗದ ನಾಯಕನೇ. ನೆರೆಮನೆಗೆ ಬಿದ್ದ ಬೆಂಕಿಯಲ್ಲಿ ಚಳಿ ಕಾಯಿಸಿಕೊಂಡ ದುರ್ಗಕ್ಕೆ ಹದಿನಾರು ವರ್ಷಗಳ ಮೇಲೆ, 1779ರಲ್ಲಿ, ಅದೇ ಬೆಂಕಿ ತಗುಲಿತು. ಮದಕರಿಯೂ ಶ್ರೀರಂಗಪಟ್ಟಣದ ಸೆರೆಗೆ, ಮಾಗಡಿಯ ಗೌಡನು ಹಿಂದೆ ನಡೆದ ದಾರಿಯಲ್ಲಿಯೇ ಹೋದನು. ಒಬ್ಬೊಬ್ಬ ನಾಯಕನ ಪತನವನ್ನು ಬೇರೆ ಬೇರೆಯಾಗಿ ಹೇಳಿದರೆ ಅದು ವಿಧಿಯ ಆಟವೆಂದು ತೋರುತ್ತದೆ. ಕೂಡಿಸಿ ಹೇಳಿದರೆ ಅದು ಅವರು ತಾವೇ ಬರೆದುಕೊಂಡ ಹಣೆಬರಹವೆಂದು ತಿಳಿಯುತ್ತದೆ. ನಮ್ಮ ಐತಿಹಾಸಿಕ ಕಾದಂಬರಿಯು ಕೋಟೆಗೊಂದು ಕಥೆಯನ್ನು ಕಟ್ಟಿ, ಕೋಟೆಯ ಗೋಡೆಯನ್ನೇ ಕಥೆಯ ಎಲ್ಲೆಯನ್ನಾಗಿ ಮಾಡಿಕೊಂಡಿರುವುದೇ ಅದರ ಮುಖ್ಯವಾದ ಲೋಪ.

ಮತ್ತೊಂದು ಲೋಪವೂ ಉಂಟು. ದೊರೆಗಳು ಬದಲಾದಂತೆಲ್ಲ ಕಂದಾಯವನ್ನು ಹೊಸಬನಿಗೆ ತೆತ್ತ ರೈತನೂ, ಬೆಟ್ಟಕ್ಕೆ ಕಲ್ಲು ಹೊತ್ತ ಕೂಲಿಯವನೂ ಈ ಕೃತಿಗಳ ನಡುಮನೆಗೆ ಬರುವುದು ವಿರಳ. ಶಾಂತಿಭಂಗದ ಬೆಲೆಯನ್ನು ತೆತ್ತವರು ಅವರು. ಕಾವ್ಯದ ಕರುಣೆಯು ಸಂದುದು ಮಾತ್ರ ದೊರೆಗಳಿಗೆ.

ಸಾವನದುರ್ಗದ ಕಥೆಗೆ ಮದಕರಿಯಂತಹ ಧೀರೋದಾತ್ತ ನಾಯಕನಿಲ್ಲ. ಆದುದರಿಂದಲೇ ಲೇಖಕರು ಅದನ್ನು ಬಿಟ್ಟಿರಬಹುದು. ಆದರೆ ವಿಜಯನಗರದ ಅಧಿಕಾರಿ, ಮಾಗಡಿಯ ಗೌಡ, ಮೈಸೂರಿನ ದಳವಾಯಿ, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ, ಹೀಗೆ ಒಬ್ಬರ ಹಿಂದೊಬ್ಬರು ಗೆದ್ದ ಈ ಬಂಡೆಯು ಯಾರೊಬ್ಬನ ಪಕ್ಷವನ್ನೂ ವಹಿಸದು. ವ್ಯಕ್ತಿಯನ್ನು ಬಿಟ್ಟು ಬೆಟ್ಟವನ್ನೇ ನಾಯಕನನ್ನಾಗಿ ಮಾಡಿಕೊಳ್ಳಬಲ್ಲ ಲೇಖಕನಿಗೆ ಅದು ಇನ್ನೂ ಕಾದಿದೆ. ಅಂತಹ ಕೃತಿಯು ಬಂದರೆ, ಪಾಳೆಯಗಾರರ ಶೌರ್ಯವನ್ನು ಹೊಗಳಲು ಕಲಿತಿರುವ ಕನ್ನಡಿಗನು ಅವರ ಕಲಹದಿಂದ ಪಾಠವನ್ನೂ ಕಲಿತಾನು.